ಒದ್ದೆ ಹಾಸಿಗೆಯಿಂದ ಎಬ್ಬಿಸಿದವರು

1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ತನ್ನ ಪಕ್ಕದ ಬಡವರ ಆಶ್ರಯಧಾಮದ ರೋಗಿಗಳನ್ನೂ ವಹಿಸಿಕೊಂಡಿತು. 714 ಮಂದಿ. ಅವರ ಹೊಣೆ ಮಾರ್ಜರಿ ವಾರೆನ್ ಎಂಬ ವೈದ್ಯೆಯ ಪಾಲಿಗೆ ಬಂತು. ಬಹಳಷ್ಟು ಮುದುಕರು ಹಾಸಿಗೆ ಬಿಟ್ಟು ಎದ್ದೇ ಇರಲಿಲ್ಲ, ಮಲಮೂತ್ರವೆಲ್ಲ ಅಲ್ಲೇ. ವಯಸ್ಸಾದ ಮೇಲೆ ಇದು ಇದ್ದದ್ದೇ ಎಂದು ಎಲ್ಲರೂ ಕೈಚೆಲ್ಲಿದ್ದರು. ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷಿಸಿ, ಕಾಯಿಲೆ ಗುರುತಿಸಿ, ಆದವರನ್ನೆಲ್ಲ ಎಬ್ಬಿಸಿ ನಡೆಸಿದರು. ಸುಮ್ಮನೆ ಮಲಗಿಸಿಡುವುದರಿಂದಲೇ ಕೀಲು ಸೆಟೆದು, ಹತೋಟಿ ತಪ್ಪಿ, ಮನಸ್ಸು ಕುಗ್ಗುತ್ತದೆ ಎಂದು 1940ರ ದಶಕದಲ್ಲಿ ವೈದ್ಯಪತ್ರಿಕೆಗಳಲ್ಲಿ ಬರೆದರು.

ಏಳಲಾಗದವರ ಪಾಡು? ಮಲಗಿ ಮಲಗಿ ಹುಣ್ಣಾಗದಿರಲೆಂದು ಅವರ ಬೆನ್ನಿಗೆ ಸ್ಪಿರಿಟ್ ಉಜ್ಜುವುದು, ಮುಲಾಮು ಸವರುವುದು ನಡೆದೇ ಇತ್ತು. ನರ್ಸ್ ಡೊರೀನ್ ನಾರ್ಟನ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆಗೆ ಒಡ್ಡಿದರು. 1962ರ ಅವರ ವರದಿ ಹೇಳಿದ್ದು: ಹಾಸಿಗೆ ಹುಣ್ಣು ತಡೆಯಲು ಹಚ್ಚುವ ಮದ್ದಿಗಿಂತ ಆಗಾಗ ಮಗ್ಗುಲು ಬದಲಿಸುವುದೇ ಮೇಲು. ಯಾರಿಗೆ ಹುಣ್ಣಿನ ಅಪಾಯ ಹೆಚ್ಚು ಎಂದು ಅಳೆಯಲು ಐದು ಅಂಶಗಳ ಅಂಕಪಟ್ಟಿಯನ್ನೂ ಕೊಟ್ಟರು. 20ಕ್ಕೆ 14 ಅಥವಾ ಕಡಿಮೆ ಬಂದರೆ ಎಚ್ಚರ. ಮಲಮೂತ್ರದ ಹತೋಟಿ ಆ ಐದರಲ್ಲಿ ಒಂದು.

ಚರ್ಮ ಯಾಕೆ ಕೆಡುತ್ತದೆ ಎಂಬುದೂ ಕ್ರಮೇಣ ತಿಳಿಯಿತು. ಆರೋಗ್ಯವಂತ ಚರ್ಮ ತುಸು ಆಮ್ಲೀಯ. ಮೂತ್ರದ ಯೂರಿಯಾ ಅಮೋನಿಯಾ ಆದಾಗ ಆ ಆಮ್ಲೀಯತೆ ಹೋಗುತ್ತದೆ. ಮಲದ ಕಿಣ್ವಗಳು ಆಗ ಇನ್ನಷ್ಟು ಚುರುಕಾಗಿ ಚರ್ಮವನ್ನು ತಿನ್ನುತ್ತವೆ. ಸಾಮಾನ್ಯ ಸೋಪು ಕ್ಷಾರ. ಅದನ್ನು ಹಚ್ಚಿ ಗಸಗಸ ತಿಕ್ಕುವುದು (ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಹೀಗೆ ಮಾಡುತ್ತೇವೆ) ಗಾಯಕ್ಕೆ ದಾರಿ. ಸೌಮ್ಯ ದ್ರಾವಣದಿಂದ ಒರೆಸಿ, ಮೆತ್ತಗೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡಿನಂಥ ತೆಳು ಲೇಪ ಹಚ್ಚಿದರೆ ಸಾಕು.

ಅಷ್ಟರಲ್ಲಿ ಹೀರುವ ಪುಡಿ ತುಂಬಿದ ಡೈಪರ್ ಬಂತು. ಒಗೆಯುವ ಕೆಲಸ ತಪ್ಪಿತು, ಜೊತೆಗೆ ಶೌಚಾಲಯಕ್ಕೆ ಕರೆದೊಯ್ಯುವ ಕೆಲಸವೂ ತಪ್ಪಿಹೋಯಿತು! ನನಗೆ ಡೈಪರ್ ಮೇಲೆ ಇರುವ ತಕರಾರು ಇಷ್ಟೇ. ಅಮೆರಿಕದ 1987ರ ಆರೈಕೆ ಕೇಂದ್ರಗಳ ಸುಧಾರಣಾ ಕಾಯ್ದೆ ಮತ್ತು ಅದರ ನಿಯಮಗಳು ಬೇರೆಯೇ ಪಟ್ಟು ಹಿಡಿದವು: ಹತೋಟಿಯನ್ನು ಸಾಧ್ಯವಾದಷ್ಟು ಮರಳಿಸಲು ಯತ್ನಿಸಬೇಕು, ವೈದ್ಯಕೀಯ ಅಗತ್ಯವಿಲ್ಲದೆ ಮೂತ್ರದ ನಳಿಕೆ (ಕ್ಯಾತಿಟರ್) ಹಾಕಬಾರದು. ಅದೇ ಸುಮಾರಿಗೆ ಜಾನ್ ಶ್ನೆಲ್ ಮುಂತಾದ ಸಂಶೋಧಕರು ತೀರಾ ಸರಳ ಕ್ರಮವೊಂದನ್ನು ಪರೀಕ್ಷಿಸಿದರು. ಹಗಲಲ್ಲಿ ಎರಡು ಗಂಟೆಗೊಮ್ಮೆ ಹೋಗಿ "ಬಾತ್‌ರೂಮಿಗೆ ಹೋಗಬೇಕಾ?" ಎಂದು ಕೇಳುವುದು, ಹೂಂ ಎಂದರೆ ಕರೆದೊಯ್ಯುವುದು, ಒಣಗಿದ್ದರೆ ಶಹಬ್ಬಾಸ್ ಹೇಳುವುದು. ಎಲ್ಲರಿಗೂ ಇದು ಫಲಿಸುವುದಿಲ್ಲ. ಕೆಲವು ದಿನ ಮಾಡಿ ನೋಡಿದರೆ ಯಾರಿಗೆ ಎಂಬುದು ತಿಳಿಯುತ್ತದೆ. ಉಳಿದವರಿಗೆ ಹೊತ್ತುಹೊತ್ತಿಗೆ ನೋಡಿ ಬದಲಿಸುವುದೇ ದಾರಿ. ಆದರೆ ಕೇಳಲು ಪಾಳಿಯಲ್ಲಿ ಜನ ಬೇಕು. ಅವರ ಸಂಬಳಕ್ಕಿಂತ ಡೈಪರ್ ಕಟ್ಟು ಅಗ್ಗ.