ಸಂಘದೊಳಗೆ ಮಾತು ಹೋಗುವ ದಾರಿಗಳು



ತರಬೇತಿಯಲ್ಲಿ ನಾನು "ಸಂವಹನ ಎಂದರೇನು?" ಎಂದು ಕೇಳಿದಾಗ ಹೆಚ್ಚಿನವರು ಹೇಳುವುದು "ಮಾತಾಡೋದು ಸಿಸ್ಟರ್" ಅಂತ. ಉತ್ತರ ತಪ್ಪಲ್ಲ, ಆದರೆ ಅರ್ಧ. ನಾವು ಆಡಿದ ಮಾತು ಎದುರಿಗಿದ್ದವರಿಗೆ ತಲುಪಬೇಕು, ಅರ್ಥವಾಗಬೇಕು, ಅರ್ಥವಾಯಿತೋ ಇಲ್ಲವೋ ಎನ್ನುವುದು ನಮಗೆ ವಾಪಸ್ಸು ತಿಳಿಯಬೇಕು. ಇಷ್ಟೂ ಆದರೆ ಸಂವಹನ. ವಾಪಸ್ಸು ಬರದಿದ್ದರೆ ಅದು ಜಾತ್ರೆಯಲ್ಲಿ ಮೈಕ್ ಹಿಡಿದು ಕೂಗಿದ ಹಾಗೆ.

"ನಮ್ಮದೇನು ದೊಡ್ಡ ಆಫೀಸೇ? ಹದಿನೈದು ಜನ ಹೆಂಗಸರು, ಒಂದೇ ಬೀದಿಯವರು, ನಮಗ್ಯಾಕೆ ಇದೆಲ್ಲ?" ಎಂದು ಕೆಲವರು ಕೇಳುತ್ತಾರೆ. ಆದರೆ ಸಂಘ ಎನ್ನುವುದು ಒಂದು ಸಂಸ್ಥೆಯೇ. ಅದಕ್ಕೆ ನಿಯಮವಿದೆ, ಪ್ರತಿನಿಧಿಗಳಿದ್ದಾರೆ, ಪುಸ್ತಕಗಳಿವೆ, ಬ್ಯಾಂಕಿನಲ್ಲಿ ಖಾತೆಯಿದೆ. ಬ್ಯಾಂಕು ಸಾಲ ಕೊಡುವುದು ಒಬ್ಬ ಸದಸ್ಯೆಗಲ್ಲ, ಸಂಘಕ್ಕೆ. ಪರಸ್ಪರ ಒಪ್ಪಂದ ಪತ್ರಕ್ಕೆ ನೀವೆಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದೀರಿ. ಹಾಗಾಗಿ ಒಬ್ಬರು ಹೇಳದೇ ಬಚ್ಚಿಟ್ಟ ವಿಷಯದ ಭಾರ ಉಳಿದ ಹದಿನಾಲ್ಕು ಜನರ ಮೇಲೂ ಬೀಳುತ್ತದೆ.

ಟ್ರಂಕಿನೊಳಗಿನ ಕಾಗದ

2009ರಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಂದು ಸಂಘದಲ್ಲಿ ನಡೆದದ್ದನ್ನು ಹೇಳುತ್ತೇನೆ. ಹದಿನಾರು ಜನ ಸದಸ್ಯೆಯರು. ಬ್ಯಾಂಕಿನಿಂದ 1,60,000 ರೂಪಾಯಿ ಸಾಲ ಪಡೆದು ತಲಾ ಹತ್ತು ಸಾವಿರ ಹಂಚಿಕೊಂಡಿದ್ದರು. ತಿಂಗಳಿಗೆ 8,000 ರೂಪಾಯಿ ಕಂತು. ಇಬ್ಬರು ಪ್ರತಿನಿಧಿಗಳಲ್ಲಿ ಎರಡನೆಯವರು ಏಳನೇ ತರಗತಿವರೆಗೆ ಓದಿದ್ದರು. ಹಾಗಾಗಿ ಬ್ಯಾಂಕಿಗೆ ಹೋಗಿ ಚಲನ್ ತುಂಬುವ ಕೆಲಸ ಅವರ ಪಾಲಿಗೆ ಬಂದಿತ್ತು.

ಮೂರು ತಿಂಗಳು ಕಂತು ತಪ್ಪದೆ ಕಟ್ಟಿದರು. ನಾಲ್ಕನೇ ತಿಂಗಳು ಬ್ಯಾಂಕಿನಿಂದ ಒಂದು ಕಾಗದ ಬಂತು, ಇಂಗ್ಲಿಷಿನಲ್ಲಿ. ಅದು ಮೊದಲನೇ ಪ್ರತಿನಿಧಿಯ ಕೈಗೆ ಸೇರಿತು. ಅವರಿಗೆ ಓದಲು ಬರಲಿಲ್ಲ, ಆದರೆ ಸೀಲು ನೋಡಿ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಯಾರಿಗೂ ಹೇಳದೆ ಅದನ್ನು ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇಟ್ಟುಬಿಟ್ಟರು. "ಹೇಳಿದ್ರೆ ನನ್ನ ತಲೆಗೇ ಬರುತ್ತೆ ಅಂತ ಸುಮ್ನಿದ್ದೆ ಸಿಸ್ಟರ್" ಎಂದು ಆಮೇಲೆ ಅತ್ತರು.

ಅವರೇನೋ ಸುಮ್ಮನಿದ್ದರು, ಊರು ಸುಮ್ಮನಿರಲಿಲ್ಲ. ಸಂಘಕ್ಕೆ ನೋಟೀಸು ಬಂದಿದೆ ಎನ್ನುವ ಸುದ್ದಿ ಟೀ ಅಂಗಡಿಯಲ್ಲಿ ಹುಟ್ಟಿ ಎರಡು ದಿನದಲ್ಲಿ ಇಡೀ ಬೀದಿ ಸುತ್ತಿತು. ಮೊದಲ ದಿನ "ಕಂತು ಕಟ್ಟಿಲ್ವಂತೆ". ಎರಡನೇ ದಿನ "ದುಡ್ಡು ತಿಂದಿದಾರಂತೆ". ಮೂರನೇ ದಿನ ನೀರಿನ ಟ್ಯಾಂಕಿನ ಹತ್ತಿರ, ಹತ್ತು ಜನರ ಮುಂದೆ, ಚಲನ್ ತುಂಬುತ್ತಿದ್ದ ಆ ಸದಸ್ಯೆಯನ್ನು ಒಬ್ಬರು ಕೇಳಿಯೇ ಬಿಟ್ಟರು: "ನಿನ್ನ ಮಗಳ ಕಿವಿಗೆ ಓಲೆ ಯಾವ ದುಡ್ಡಲ್ಲಿ ಬಂತು?"

ಆ ವಾರದ ಕೊನೆಗೆ ನಾನು ಹೋದೆ. ಚಾಪೆಯ ನಡುವೆ ಎರಡೂ ಪಾಸ್ ಪುಸ್ತಕ ಇಟ್ಟು ನೋಡಿದೆವು. 24,000 ರೂಪಾಯಿಯೂ ಇತ್ತು, ಒಂದು ರೂಪಾಯಿಯೂ ಹೋಗಿರಲಿಲ್ಲ. ಆದರೆ ಅದು ಸಾಲದ ಖಾತೆಯಲ್ಲಿರಲಿಲ್ಲ, ಉಳಿತಾಯ ಖಾತೆಯಲ್ಲಿತ್ತು. ಚಲನ್‌ನಲ್ಲಿ ಬರೆದದ್ದು ಉಳಿತಾಯ ಖಾತೆಯ ನಂಬರು. ಎರಡು ಪುಸ್ತಕ ಕೊಟ್ಟವರು ಯಾವುದು ಯಾವುದಕ್ಕೆ ಎಂದು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಅರ್ಧ ಗಂಟೆಯಲ್ಲಿ ವಿಷಯ ತಿಳಿಯಾಯಿತು. ಸುಸ್ತಿ ಬಡ್ಡಿ ಸ್ವಲ್ಪ ಬಿದ್ದಿತ್ತು, ಎಲ್ಲರೂ ಹಂಚಿಕೊಂಡು ಕಟ್ಟಿದರು. ಓಲೆಯ ಮಾತು ಕೇಳಿಸಿಕೊಂಡ ಆ ಸದಸ್ಯೆ ಮಾತ್ರ ಅಂದಿನಿಂದ ಸಂಘಕ್ಕೆ ಬರಲಿಲ್ಲ. ನಾನು ಮೂರು ಸಲ ಮನೆಗೆ ಹೋದೆ. ಕಾಫಿ ಕೊಟ್ಟರು, ಮಕ್ಕಳ ವಿಷಯ ಮಾತಾಡಿದರು, ಸಂಘದ ಮಾತು ಎತ್ತಲು ಬಿಡಲಿಲ್ಲ.

ಇದರಲ್ಲಿ ನನ್ನ ತಪ್ಪೂ ಇದೆ. ಆ ಮೂರು ತಿಂಗಳೂ ನಾನು ಮೊದಲನೇ ಪ್ರತಿನಿಧಿಯನ್ನು ಬಸ್ ಸ್ಟಾಪಿನಲ್ಲಿ ಕಂಡು "ಎಲ್ಲಾ ಸರಿ ಇದೆಯಾ?" ಎಂದು ಕೇಳುತ್ತಿದ್ದೆ. "ಸರಿ ಇದೆ ಸಿಸ್ಟರ್" ಎನ್ನುತ್ತಿದ್ದರು. ಅದನ್ನೇ ವರದಿಯಲ್ಲಿ ಬರೆದೆ. ಸಂವಹನದ ವಿಧಗಳ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಅಂಕದ ಉತ್ತರ ಬರೆದವಳು ನಾನು!

ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ

ಯಾವುದೇ ಸಂಸ್ಥೆಯಲ್ಲಿ ಮಾತು ಕೆಲವು ದಾರಿಗಳಲ್ಲಿ ಓಡಾಡುತ್ತದೆ. ಮೊದಲನೆಯದು ಮೇಲಿನಿಂದ ಕೆಳಕ್ಕೆ ಇಳಿಯುವ ದಾರಿ. ನಿರ್ದೇಶಕ ಫಾದರ್‌ರಿಂದ ಸಂಯೋಜಕಿಗೆ, ಅವರಿಂದ ಕಾರ್ಯಕರ್ತೆಗೆ, ಅಲ್ಲಿಂದ ಒಕ್ಕೂಟಕ್ಕೆ, ಸಂಘದ ಪ್ರತಿನಿಧಿಗೆ, ಕೊನೆಗೆ ಸದಸ್ಯೆಗೆ. ಈ ದಾರಿ ನಮ್ಮಲ್ಲಿ ಚೆನ್ನಾಗಿಯೇ ಇದೆ. ಸಭೆಯ ದಿನಾಂಕ, ಸಾಲದ ಅರ್ಜಿ, ತರಬೇತಿಗೆ ಇಬ್ಬರು ಬರಬೇಕು ಎನ್ನುವುದು ಎಲ್ಲ ಸರಸರ ಇಳಿಯುತ್ತದೆ. ಆದರೆ ಇಳಿಯುತ್ತಾ ಸೊರಗುತ್ತದೆ. ಹೊರಡುವಾಗ ಹತ್ತು ಮಾತು ಇದ್ದದ್ದು ಸದಸ್ಯೆಯ ಕಿವಿಗೆ ಬೀಳುವಾಗ ಮೂರೋ ನಾಲ್ಕೋ ಉಳಿಯುತ್ತದೆ. ಮೊದಲು ಬಿದ್ದು ಹೋಗುವುದು 'ಯಾಕೆ' ಎಂಬ ಮಾತು.

ಒಂದು ಉದಾಹರಣೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಬಂದಾಗ ವರ್ಷಕ್ಕೆ 12 ರೂಪಾಯಿ, 2022ರ ಜೂನ್‌ನಿಂದ 20 ರೂಪಾಯಿ. ಅದು ಖಾತೆಯಿಂದ ತಾನಾಗಿಯೇ ಕಟ್ ಆಗುತ್ತದೆ. ಅಪಘಾತದಲ್ಲಿ ಸಾವಾದರೆ ಮನೆಯವರಿಗೆ ಎರಡು ಲಕ್ಷ. "ಫಾರಂಗೆ ಸಹಿ ಹಾಕಿ" ಎನ್ನುವುದು ಎಲ್ಲರಿಗೂ ತಲುಪಿತು. ಯಾಕೆ ಎನ್ನುವುದು ತಲುಪದ ಕಡೆ "ಬ್ಯಾಂಕಿನವರು ಇಪ್ಪತ್ತು ರೂಪಾಯಿ ಹೊಡೆದರು" ಎಂಬ ಸಿಟ್ಟು ಉಳಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ವಿಮೆ ಇದೆಯೆಂದೇ ಗೊತ್ತಿಲ್ಲದ ಮನೆಯವರು ಹಣ ಕೇಳಲು ಹೋಗುವುದೇ ಇಲ್ಲ.

ಎರಡನೆಯದು ಕೆಳಗಿನಿಂದ ಮೇಲಕ್ಕೆ ಹತ್ತುವ ದಾರಿ: ಸದಸ್ಯೆಯ ಕಷ್ಟ, ಅನುಮಾನ, ದೂರು, "ನನಗೆ ಅರ್ಥ ಆಗಲಿಲ್ಲ" ಎನ್ನುವ ಮಾತು. ಇಳಿಯುವುದು ಸುಲಭ, ಹತ್ತುವುದು ಕಷ್ಟ. ಮಾತಿಗೂ ಹಾಗೇ. ಯಾಕೆಂದರೆ ಪ್ರತಿ ಮೆಟ್ಟಿಲಿನಲ್ಲೂ ಹೆದರಿಕೆ ಇದೆ. ಸದಸ್ಯೆಗೆ ಪ್ರತಿನಿಧಿಯ ಹೆದರಿಕೆ, ಮುಂದೆ ಸಾಲ ಕೇಳಬೇಕಲ್ಲ. ಪ್ರತಿನಿಧಿಗೆ ಕಾರ್ಯಕರ್ತೆಯ ಹೆದರಿಕೆ, ಸಂಘದ ಗ್ರೇಡಿಂಗ್ ಕೆಡುತ್ತಲ್ಲ. ಕಾರ್ಯಕರ್ತೆಗೆ ನನ್ನ ಹೆದರಿಕೆ. ನನಗೂ ಮೇಲಿನವರ ಹೆದರಿಕೆ ಇಲ್ಲವೆಂದು ಸುಳ್ಳು ಹೇಳಲಾರೆ. ಹೀಗೆ ಒಂದೊಂದು ಮೆಟ್ಟಿಲಿನಲ್ಲೂ ಕಹಿಯನ್ನು ಸೋಸಿ ಸೋಸಿ, ಮೇಲಕ್ಕೆ ತಲುಪುವುದು "ಎಲ್ಲಾ ಸರಿ ಇದೆ" ಎಂಬ ಒಂದೇ ಮಾತು. ಆ ಟ್ರಂಕಿನ ಕಾಗದ ನಿಂತದ್ದು ಇದೇ ದಾರಿಯಲ್ಲಿ.

ಪವಿತ್ರ ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪಗಳ ಆರನೇ ಅಧ್ಯಾಯದಲ್ಲಿ ಒಂದು ಸಂಗತಿ ಇದೆ. ನಮ್ಮ ಸಂಘದಲ್ಲಿ ಎಲ್ಲ ಧರ್ಮದ ಸೋದರಿಯರಿದ್ದೀರಿ, ಇದು ಎಲ್ಲರಿಗೂ ಅನ್ವಯಿಸುವಂಥದ್ದು. ಜೆರುಸಲೇಮಿನ ಮೊದಲ ಕ್ರೈಸ್ತರು ದಿನವೂ ಆಹಾರ ಹಂಚುತ್ತಿದ್ದರು. ಹಂಚುವಾಗ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗತೊಡಗಿದರು. ಪ್ರೇಷಿತರು "ನಮ್ಮ ಮೇಲೇ ದೂರೇ?" ಎಂದು ಸಿಟ್ಟಾಗಲಿಲ್ಲ. ಎಲ್ಲರನ್ನೂ ಸಭೆ ಸೇರಿಸಿ, ಆ ಕೆಲಸಕ್ಕೆ ನೀವೇ ಏಳು ಜನರನ್ನು ಆರಿಸಿ ಎಂದರು. ಆರಿಸಿದ ಏಳೂ ಜನರ ಹೆಸರು ಗ್ರೀಕ್ ಹೆಸರುಗಳು. ಅಂದರೆ ಗೊಣಗಿದವರ ಕಡೆಯವರ ಕೈಗೇ ಸೌಟು ಬಂತು ಅಂತ ಕಾಣುತ್ತದೆ. ಗೊಣಗಾಟವನ್ನು ಸಭೆಯ ವಿಷಯವಾಗಿ ಮಾಡಿದ್ದು ಇಲ್ಲಿ ಮುಖ್ಯ.

ಸಂಘದಲ್ಲಿ ಇದನ್ನು ಮಾಡುವುದು ಹೇಗೆ? ನನಗೆ ಕಂಡ ಸುಲಭ ಉಪಾಯ, "ಏನಾದರೂ ಸಮಸ್ಯೆ ಇದೆಯಾ?" ಎಂದು ಕೇಳದಿರುವುದು. ಅದಕ್ಕೆ ಇಲ್ಲ ಎಂದೇ ಉತ್ತರ ಬರುತ್ತದೆ. "ಈ ತಿಂಗಳು ಬ್ಯಾಂಕಿಗೆ ಎಷ್ಟು ಕಟ್ಟಿದಿರಿ? ಯಾವ ಖಾತೆಗೆ? ರಸೀತಿ ತೋರಿಸಿ" ಎಂದು ಕೇಳಿ. ಕೇಳುವವರು ಸಂಘದಲ್ಲಿ ಅತಿ ಕಡಿಮೆ ಮಾತಾಡುವ ಸದಸ್ಯೆಯಾದರೆ ಇನ್ನೂ ಒಳ್ಳೆಯದು. ಲೆಕ್ಕ ಕೇಳುವುದು ಅನುಮಾನವಲ್ಲ, ಪ್ರತಿನಿಧಿಗೆ ರಕ್ಷಣೆ. ಆ ಸದಸ್ಯೆಯನ್ನು ಯಾರಾದರೂ ಮೊದಲ ತಿಂಗಳೇ ರಸೀತಿ ಕೇಳಿದ್ದರೆ ಓಲೆಯ ಮಾತು ಬರುತ್ತಿರಲಿಲ್ಲ.

ಅಕ್ಕಪಕ್ಕದ ದಾರಿ

ಸದಸ್ಯೆಯಿಂದ ಸದಸ್ಯೆಗೆ, ಸಂಘದಿಂದ ಸಂಘಕ್ಕೆ ಹೋಗುವ ಮಾತು ಇದು. ಫ್ರಾನ್ಸಿನಲ್ಲಿ ಗಣಿ ಎಂಜಿನಿಯರ್ ಆಗಿದ್ದ ಹೆನ್ರಿ ಫಯೋಲ್ ಎಂಬುವರು 1916ರಲ್ಲಿ ಆಡಳಿತದ ಬಗ್ಗೆ ಬರೆಯುತ್ತಾ, ಪ್ರತಿಯೊಂದಕ್ಕೂ ಮೇಲೆ ಹತ್ತಿ ಇಳಿಯುತ್ತಾ ಕೂತರೆ ಕೆಲಸ ಕೆಡುತ್ತದೆ, ಸಮಾನ ಸ್ಥಾನದ ಇಬ್ಬರ ನಡುವೆ ಒಂದು ಸೇತುವೆ ಇರಬೇಕು, ಅದು ಮೇಲಿನವರಿಗೆ ಗೊತ್ತಿದ್ದೇ ಇರಬೇಕು ಎಂದರು. ನಮಗೆ ಈ ಸೇತುವೆ ಇವತ್ತು ಬಹಳ ಬೇಕು. ಒಬ್ಬಳೇ ಸದಸ್ಯೆ ಎರಡು ಸಂಘದಲ್ಲಿ, ಮೇಲೆ ನಾಲ್ಕು ಮೈಕ್ರೋ ಫೈನಾನ್ಸ್ ಕಂಪನಿಗಳಲ್ಲಿ ಸಾಲ ಮಾಡಿರುವುದು ಎಷ್ಟು ಕಡೆ ಇಲ್ಲ? ಒಂದು ಸಾಲ ತೀರಿಸಲು ಇನ್ನೊಂದು. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಪಕ್ಕದ ಬೀದಿಯ ಸಂಘದ ಪ್ರತಿನಿಧಿಯೊಡನೆ ತಿಂಗಳಿಗೊಮ್ಮೆ ಕೂತು ಮಾತಾಡಿದರೆ, ಆಕೆ ಮುಳುಗುವ ಮೊದಲೇ ಕೈ ಹಿಡಿಯಬಹುದು. ಆಕೆಯ ಮಾನ ಕಳೆಯುವುದಕ್ಕಲ್ಲ ಎನ್ನುವುದು ಇಬ್ಬರಿಗೂ ನೆನಪಿರಲಿ.

ಅಂತೆ-ಕಂತೆ

ಈ ಮೂರೂ ಔಪಚಾರಿಕ ದಾರಿಗಳು. ಇನ್ನೊಂದಕ್ಕೆ ಯಾರೂ ಕಲ್ಲು ಹಾಸಿಲ್ಲ, ಆದರೂ ಅದರಲ್ಲೇ ಹೆಚ್ಚು ಓಡಾಟ. ಅದು ಗಾಳಿಸುದ್ದಿ. ಇಂಗ್ಲಿಷಿನಲ್ಲಿ ಇದನ್ನು ದ್ರಾಕ್ಷಿ ಬಳ್ಳಿ ಎನ್ನುತ್ತಾರೆ. ಅಮೆರಿಕದ ಕೀತ್ ಡೇವಿಸ್ ಎಂಬ ಪ್ರಾಧ್ಯಾಪಕರು 1953ರಲ್ಲಿ ಇದರ ಬಗ್ಗೆಯೇ ಲೇಖನ ಬರೆದರು. ಒಬ್ಬರಿಂದ ಒಬ್ಬರಿಗೆ ಸಾಲಾಗಿ ಹೋಗುವುದಕ್ಕಿಂತ, ಒಬ್ಬರು ಆರಿಸಿದ ಕೆಲವರಿಗೆ ಹೇಳಿ, ಆ ಕೆಲವರಲ್ಲಿ ಒಂದಿಬ್ಬರು ಮತ್ತೆ ಕೆಲವರಿಗೆ ಹೇಳುವುದೇ ಹೆಚ್ಚು ಎಂದು ಅವರು ಕಂಡರು. ನಿಮ್ಮ ಬೀದಿಯಲ್ಲಿ ಆ ಒಂದಿಬ್ಬರು ಯಾರು ಎಂದು ನಿಮಗೇ ಗೊತ್ತು, ನಾನು ಹೇಳಬೇಕಾಗಿಲ್ಲ.

ಗಾಳಿಸುದ್ದಿಯನ್ನು ನಾನು ಪೂರ್ತಿ ಬೈಯುವುದಿಲ್ಲ. ಆ ಸಂಘದಲ್ಲಿ ಅದು ಒಂದು ವಿಷಯದಲ್ಲಿ ಸರಿಯಾಗಿಯೇ ಇತ್ತು: ಏನೋ ಎಡವಟ್ಟಾಗಿದೆ ಎನ್ನುವುದರಲ್ಲಿ. ತಪ್ಪಿದ್ದು ಯಾರು, ಯಾಕೆ ಎನ್ನುವುದರಲ್ಲಿ. ಮೇಲೆ ಹತ್ತುವ ದಾರಿ ಮುಚ್ಚಿದಾಗಲೇ ಈ ದಾರಿಯಲ್ಲಿ ಸಂತೆ ನೆರೆಯುವುದು. "ಚಾಡಿ ಹೇಳಬೇಡಿ" ಎಂದು ಗದರಿದರೆ ನಿಲ್ಲುವುದಿಲ್ಲ. ಸುದ್ದಿ ಕೇಳಿದ ದಿನವೇ ಪ್ರತಿನಿಧಿಯ ಮನೆಗೆ ಹೋಗಿ "ಅಕ್ಕ, ಹೀಗೆ ಅಂತಿದಾರೆ, ಏನಿದು?" ಎಂದು ಕೇಳಿ. ಮತ್ತಾಯನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳುವ ಕ್ರಮವೂ ಇದೇ: ಮೊದಲು ಇಬ್ಬರೇ ಮಾತಾಡಿ, ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಮೇಲೆ ಸಭೆಯ ಮುಂದಿಡಿ. ನಾವು ಮಾಡುವುದು ತಿರುಗುಮುರುಗು, ಮೊದಲು ನೀರಿನ ಟ್ಯಾಂಕು.

ಬಾಯಿ, ಬರಹ, ಮುಖ

ಬಾಯಿಮಾತು ಬೇಗ ತಲುಪುತ್ತದೆ, ಬೇಗ ಮರೆಯುತ್ತದೆ. ದುಡ್ಡಿನ ಮಾತು, ತೀರ್ಮಾನದ ಮಾತು ನಡಾವಳಿ ಪುಸ್ತಕಕ್ಕೆ ಬರಲೇಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ. ಬ್ಯಾಂಕಿನಿಂದ ಇಂಗ್ಲಿಷ್ ಕಾಗದ ಬಂದರೆ ಕನ್ನಡದಲ್ಲಿ ಹೇಳಿ ಎಂದು ಕೇಳಲು ನಾಚಬೇಡಿ, ಇಲ್ಲವೇ ನಮ್ಮ ಕಚೇರಿಗೆ ತನ್ನಿ.

ಈಗ ವಾಟ್ಸಾಪ್ ಗ್ರೂಪುಗಳಿವೆ. ಸಭೆಯ ಸಮಯ ತಿಳಿಸಲು ಅನುಕೂಲವೇ. ಆದರೆ ಎರಡು ನೀಲಿ ಗೆರೆ ಬಂದರೆ ಫೋನು ತೆರೆಯಿತು ಎಂದರ್ಥ, ಸದಸ್ಯೆಗೆ ಅರ್ಥವಾಯಿತು ಎಂದಲ್ಲ. ಎಷ್ಟೋ ಮನೆಗಳಲ್ಲಿ ಫೋನು ಇರುವುದು ಮಗನ ಕೈಯಲ್ಲಿ, ಇಲ್ಲ ಗಂಡನ ಜೇಬಿನಲ್ಲಿ. ಸಾಲ ಯಾರಿಗೆ ಕೊಡಬೇಕು ಎನ್ನುವ ತೀರ್ಮಾನವನ್ನು ಅಲ್ಲಿ ಮಾಡಬೇಡಿ. ಓಟಿಪಿ ನಂಬರನ್ನಂತೂ ಯಾರು ಕೇಳಿದರೂ ಹಾಕಬೇಡಿ.

ಮಾತಿಲ್ಲದೆಯೂ ಸಂವಹನ ಇದೆ. ಅಧ್ಯಕ್ಷೆ ಕುರ್ಚಿಯಲ್ಲಿ, ಉಳಿದವರು ಚಾಪೆಯಲ್ಲಿ ಕೂತರೆ ಸಭೆ ಶುರುವಾಗುವ ಮೊದಲೇ ಒಂದು ಮಾತು ಹೇಳಿದಂತಾಯಿತು. ಬಾಗಿಲ ಹತ್ತಿರವೇ ಕೂರುವ ಸದಸ್ಯೆ, ಸೆರಗಿನ ತುದಿ ತಿರುವುತ್ತಾ "ಹೂಂ" ಎನ್ನುವ ಸದಸ್ಯೆ ಏನೋ ಹೇಳುತ್ತಿರುತ್ತಾರೆ. ನಮ್ಮ "ಹೂಂ" ಎಂದರೆ ಒಪ್ಪಿಗೆಯೂ ಆಗಬಹುದು, ಬರೀ ಕೇಳಿಸಿತು ಎಂದೂ ಆಗಬಹುದು. ಯಾವುದು ಎಂದು ಕೇಳಿಯೇ ತಿಳಿದುಕೊಳ್ಳಬೇಕು.

ಆ ಸಂಘ ಇವತ್ತಿಗೂ ನಡೆಯುತ್ತಿದೆ. ಎರಡು ಪಾಸ್ ಪುಸ್ತಕಗಳಿಗೆ ಬೇರೆ ಬೇರೆ ಬಣ್ಣದ ಹೊದಿಕೆ ಹಾಕಿದ್ದಾರೆ, ಸಾಲದ್ದಕ್ಕೆ ಕೆಂಪು, ಉಳಿತಾಯದ್ದಕ್ಕೆ ಹಸಿರು. ಪ್ರತಿ ಸಭೆಯಲ್ಲಿ ಅವು ಚಾಪೆಯ ಸುತ್ತ ಕೈಯಿಂದ ಕೈಗೆ ಹೋಗುತ್ತವೆ, ಓದಲು ಬಾರದವರ ಕೈಗೂ. ಬಿಟ್ಟು ಹೋದ ಸದಸ್ಯೆ ಕೆಲವು ವರ್ಷದ ಮೇಲೆ ಪಕ್ಕದ ಬೀದಿಯ ಸಂಘಕ್ಕೆ ಸೇರಿದರು. ಉಳಿತಾಯ ತಪ್ಪದೆ ಕಟ್ಟುತ್ತಾರೆ. ಚಲನ್ ತುಂಬಿಕೊಡಿ ಎಂದರೆ ಮಾತ್ರ "ನನಗೆ ಓದೋಕೆ ಬರಲ್ಲಕ್ಕ" ಎನ್ನುತ್ತಾರಂತೆ.