ಪಾಯ ತೋಡುವ ಮುನ್ನ ನಕ್ಷೆಗಳ ತಾಳೆ

ನಗರಸಭೆಯೋ ಪಂಚಾಯಿತಿಯೋ ಮುದ್ರೆಯೊತ್ತಿ ಕೊಡುವ ಮಂಜೂರಾತಿ ನಕ್ಷೆಯನ್ನೇ ಮನೆಯ ನಕ್ಷೆಯೆಂದು ಜನ ಭಾವಿಸುವುದುಂಟು. ಆದರೆ ಆ ಹಾಳೆ ನಿವೇಶನದ ಸುತ್ತ ಬಿಡಬೇಕಾದ ಜಾಗ, ಕಟ್ಟಡದ ಎತ್ತರ, ಕಟ್ಟಬಹುದಾದ ವಿಸ್ತೀರ್ಣ ಮುಂತಾದ ನಿಯಮಗಳ ಪಾಲನೆಯನ್ನು ಮುಖ್ಯವಾಗಿ ತೋರಿಸುತ್ತದೆಯೇ ಹೊರತು, ಯಾವ ಬೀಮಿನಲ್ಲಿ ಎಷ್ಟು ಕಂಬಿ ಕೂರಬೇಕೆಂಬುದನ್ನು ಹೇಳುವುದಿಲ್ಲ. ಕೆಲಸ ನಡೆಯುವುದು ನಕ್ಷೆಗಳ ಬೇರೊಂದು ಕಟ್ಟಿನಿಂದ. ಕೋಣೆ, ಗೋಡೆ, ಬಾಗಿಲು, ಕಿಟಕಿಗಳ ಅಳತೆ ಆರ್ಕಿಟೆಕ್ಟರ ಹಾಳೆಗಳಲ್ಲಿರುತ್ತದೆ; ಪಾಯ, ಕಾಲಂ, ಬೀಮ್, ಸ್ಲ್ಯಾಬ್‌ಗಳ ಗಾತ್ರವೂ ಅವುಗಳೊಳಗಿನ ಕಂಬಿಯ ವಿವರವೂ ಸ್ಟ್ರಕ್ಚರಲ್ ಎಂಜಿನಿಯರರ ಹಾಳೆಗಳಲ್ಲಿರುತ್ತವೆ; ನೀರು, ಒಳಚರಂಡಿ, ವಿದ್ಯುತ್ತಿಗೆ ಮತ್ತೆ ಬೇರೆ ಹಾಳೆಗಳು. ಬರೆಯುವವರು ಬೇರೆ ಬೇರೆಯಾದ್ದರಿಂದ, ಒಂದೊಂದು ಹಾಳೆಯೂ ತನ್ನಷ್ಟಕ್ಕೆ ಸರಿಯಾಗಿದ್ದು, ಇನ್ನೊಂದರ ಪಕ್ಕದಲ್ಲಿಟ್ಟಾಗ ಹೊಂದದೆ ಹೋಗಬಹುದು. ನಕ್ಷೆ ಪರಿಶೀಲನೆಯೆಂದರೆ ಮುಖ್ಯವಾಗಿ ಈ ತಾಳೆ ನೋಡುವ ಕೆಲಸ.

ಅದರ ಮೊದಲ ಹಂತ ಬರೀ ಕೂಡುವ ಲೆಕ್ಕ. 3000 ಮತ್ತು 3600 ಮಿಲಿಮೀಟರಿನ ಎರಡು ಕೋಣೆಗಳೂ 230 ಮಿಲಿಮೀಟರಿನ ಮೂರು ಗೋಡೆಗಳೂ ಸೇರಿದರೆ 7290 ಆಗಬೇಕು; ಹೊರ ಅಳತೆ 7200 ಎಂದು ಬರೆದಿದ್ದರೆ, ಕೊರತೆಯಾದ 90 ಮಿಲಿಮೀಟರನ್ನು ಯಾವ ಕೋಣೆಯಿಂದ ಕಳೆಯಬೇಕೆಂಬುದನ್ನು ನಿವೇಶನದಲ್ಲಿ ಗುರುತು ಹಾಕುವ ದಿನ ಮೇಸ್ತ್ರಿ ತನಗೆ ತೋಚಿದಂತೆ ತೀರ್ಮಾನಿಸುತ್ತಾನೆ. ಮೆಟ್ಟಿಲಿನ ಲೆಕ್ಕವೂ ಹೀಗೆಯೇ. ಒಂದು ಅಂತಸ್ತಿನ ಎತ್ತರ 3150 ಮಿಲಿಮೀಟರ್ ಆಗಿದ್ದರೆ 175 ಮಿಲಿಮೀಟರ್ ಎತ್ತರದ 18 ಏರುಗಳು ಬೇಕು. ನಕ್ಷೆಯಲ್ಲಿ 17 ಮಾತ್ರ ಇದ್ದರೆ ಒಂದು ಏರು ಉಳಿದವುಗಳಿಗಿಂತ ದುಪ್ಪಟ್ಟಾಗಿ, ಹತ್ತುವವರ ಕಾಲು ಎಡವುವುದು ಖಂಡಿತ.

ಹಾಳೆಗಳ ನಡುವಿನ ವಿರೋಧ ಇಷ್ಟು ಸುಲಭವಾಗಿ ಕಾಣುವುದಿಲ್ಲ. ಶೌಚಾಲಯದ ಕೊಳವೆಗಳು ನೆಲದಡಿ ಹಾಯಲೆಂದು ಅಲ್ಲಿನ ಸ್ಲ್ಯಾಬನ್ನು ಸುತ್ತಲಿನ ಮಟ್ಟಕ್ಕಿಂತ ತಗ್ಗಿಸಿ ಹಾಕುವುದು ರೂಢಿ. ಇದನ್ನು ಸಂಕನ್ ಸ್ಲ್ಯಾಬ್ ಎನ್ನುತ್ತಾರೆ. ಆರ್ಕಿಟೆಕ್ಟರ ಹಾಳೆಯಲ್ಲಿರುವ ಈ ತಗ್ಗು ಸ್ಟ್ರಕ್ಚರಲ್ ಹಾಳೆಗೆ ಬಾರದಿದ್ದರೆ ಸ್ಲ್ಯಾಬ್ ಸಪಾಟಾಗಿ ಬೀಳುತ್ತದೆ, ಕೊಳವೆ ಮುಚ್ಚಲು ನೆಲವನ್ನು ಎತ್ತರಿಸಬೇಕಾಗುತ್ತದೆ, ಬಚ್ಚಲಿನ ನೀರು ಕೋಣೆಯತ್ತ ಹರಿಯುವ ಸ್ಥಿತಿ ಬರುತ್ತದೆ.

ಬಾಲ್ಕನಿಯ ವಿಚಾರ ಇದಕ್ಕಿಂತ ಗಂಭೀರವಾದುದು. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಡೆದರೂ ಎಳೆತಕ್ಕೆ ಬೇಗ ಬಿರಿಯುತ್ತದೆಯಾದ್ದರಿಂದ, ಎಳೆತ ಬೀಳುವ ಕಡೆ ಕಬ್ಬಿಣದ ಕಂಬಿ ಇಡಬೇಕು. ಎರಡೂ ತುದಿ ಆಧಾರದ ಮೇಲಿರುವ ಕೋಣೆಯ ಸ್ಲ್ಯಾಬ್ ಭಾರಕ್ಕೆ ನಡುವೆ ಬಾಗಿದಾಗ ಅದರ ಕೆಳಮೈ ಎಳೆಯಲ್ಪಡುತ್ತದೆ. ಒಂದೇ ತುದಿಯಲ್ಲಿ ಆಧಾರ ಪಡೆದು ಹೊರಕ್ಕೆ ಚಾಚಿದ ಬಾಲ್ಕನಿ ಬಾಗಿದಾಗ ಎಳೆತ ಬೀಳುವುದು ಮೇಲ್ಮೈಗೆ. ಆದ್ದರಿಂದ ಬಾಲ್ಕನಿಯ ಮುಖ್ಯ ಕಂಬಿ ಮೇಲುಗಡೆ ಇರಬೇಕು, ಅದು ಒಳಗಿನ ಸ್ಲ್ಯಾಬಿನೊಳಕ್ಕೂ ಸಾಕಷ್ಟು ಚಾಚಿರಬೇಕು. ನಕ್ಷೆಯಲ್ಲಿ ಈ ಭಾಗದ ಸೀಳುನೋಟ ಇಲ್ಲದಿದ್ದರೆ ಕಂಬಿ ಕಟ್ಟುವವನು ಕೋಣೆಯಲ್ಲಿ ಕಟ್ಟಿದಂತೆಯೇ ಇಲ್ಲಿಯೂ ಕೆಳಗೆ ಕಟ್ಟಬಹುದು. ಕಾಂಕ್ರೀಟು ಸುರಿದ ಮೇಲೆ ಆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸೆಂಟ್ರಿಂಗ್ ಬಿಚ್ಚಿದಾಗಲೋ, ಹತ್ತು ಜನ ಒಟ್ಟಿಗೆ ನಿಂತಾಗಲೋ ಬಾಲ್ಕನಿಯೇ ಅದನ್ನು ತೋರಿಸಿಕೊಡುತ್ತದೆ.

ಪರಿಶೀಲನೆಯ ಲೋಪ ಎಷ್ಟು ಜೀವಗಳನ್ನು ಬಲಿ ತೆಗೆದುಕೊಳ್ಳಬಲ್ಲದೆಂಬುದಕ್ಕೆ ಎಂಜಿನಿಯರಿಂಗ್ ತರಗತಿಗಳಲ್ಲಿ ಇಂದಿಗೂ ಪಾಠವಾಗಿರುವ ಘಟನೆ ಅಮೆರಿಕದ ಕಾನ್ಸಾಸ್ ಸಿಟಿಯದು. ಅಲ್ಲಿನ ಹಯಾತ್ ರೀಜೆನ್ಸಿ ಹೋಟೆಲಿನ ವಿಶಾಲ ಪಡಸಾಲೆಯ ಮೇಲೆ, ಚಾವಣಿಯಿಂದ ಉಕ್ಕಿನ ಸರಳುಗಳಲ್ಲಿ ತೂಗುಹಾಕಿದ ಕಾಲುಸೇತುವೆಗಳಿದ್ದವು. ನಾಲ್ಕನೆಯ ಅಂತಸ್ತಿನ ಸೇತುವೆಯ ನೇರ ಕೆಳಗೆ ಎರಡನೆಯ ಅಂತಸ್ತಿನದು ತೂಗುತ್ತಿತ್ತು. ಮೂಲ ವಿನ್ಯಾಸದಲ್ಲಿ ಒಂದೇ ಉದ್ದನೆಯ ಸರಳು ಎರಡೂ ಸೇತುವೆಗಳನ್ನು ಹಾದು ಇಳಿಯುತ್ತಿದ್ದು, ಪ್ರತಿ ಸೇತುವೆಯೂ ತನ್ನ ಭಾರವನ್ನು ಆ ಸರಳಿಗೇ ಒಪ್ಪಿಸುತ್ತಿತ್ತು. ಅಷ್ಟುದ್ದದ ಸರಳಿಗೆ ತಿರುಪು ಕೊರೆದು ನಟ್ಟು ಏರಿಸುವುದು ತೊಡಕೆಂದು, ಉಕ್ಕಿನ ಭಾಗಗಳನ್ನು ತಯಾರಿಸುವ ಹಂತದ ನಕ್ಷೆಯಲ್ಲಿ ಅದನ್ನು ಎರಡು ಸರಳುಗಳಾಗಿ ಬದಲಿಸಲಾಯಿತು: ಒಂದು ಚಾವಣಿಯಿಂದ ಮೇಲಿನ ಸೇತುವೆಗೆ, ಇನ್ನೊಂದು ಮೇಲಿನ ಸೇತುವೆಯಿಂದ ಕೆಳಗಿನದಕ್ಕೆ. ಹಗ್ಗಕ್ಕೆ ಜೋತುಬಿದ್ದ ಇಬ್ಬರಲ್ಲಿ ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದರೆ, ಹಗ್ಗದ ಮೇಲಿನ ಭಾರ ಬದಲಾಗದಿದ್ದರೂ ಮೇಲಿನವನ ಕೈಗೆ ಇಮ್ಮಡಿ ಭಾರ ಬೀಳುತ್ತದೆ. ಮೇಲಿನ ಸೇತುವೆಯ ಬೀಮಿಗೆ ಆದದ್ದು ಇದೇ. ಕಾಗದದ ಮೇಲೆ ಅತಿ ಚಿಕ್ಕದಾಗಿ ಕಂಡ ಆ ಬದಲಾವಣೆಗೆ ಲೆಕ್ಕ ಮಾಡಿ ನೋಡದೆಯೇ ಎಂಜಿನಿಯರರ ಮುದ್ರೆ ಬಿತ್ತು. 1981ರ ಜುಲೈ 17ರ ಸಂಜೆ ನೃತ್ಯಕೂಟಕ್ಕೆ ಜನ ಕಿಕ್ಕಿರಿದಿದ್ದಾಗ ಎರಡೂ ಸೇತುವೆಗಳು ಕುಸಿದು 114 ಮಂದಿ ಸತ್ತರು, ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಮೂಲ ವಿನ್ಯಾಸವೇ ನಗರದ ಕಟ್ಟಡ ನಿಯಮ ಕೇಳುತ್ತಿದ್ದ ಬಲದ ಸುಮಾರು 60 ಪ್ರತಿಶತವನ್ನಷ್ಟೇ ಹೊಂದಿತ್ತೆಂದು ತನಿಖೆ ಕಂಡುಕೊಂಡಿತು. ಅಂದರೆ ಮೊದಲ ತಪ್ಪನ್ನು ಹಿಡಿಯಬಹುದಾಗಿದ್ದ ಅವಕಾಶವೂ ಎರಡನೆಯ ನಕ್ಷೆಯೊಡನೆಯೇ ಕೈತಪ್ಪಿತು. ಹೊಣೆಗಾರರಾದ ಎಂಜಿನಿಯರರ ಪರವಾನಗಿಯನ್ನು ಮಿಸೌರಿ ರಾಜ್ಯ ರದ್ದುಪಡಿಸಿತು.

ಮುದ್ರೆ ಬಿದ್ದ ಮಾತ್ರಕ್ಕೆ ಪರಿಶೀಲನೆ ಆದಂತಲ್ಲ, ಒಮ್ಮೆ ಪರಿಶೀಲಿಸಿದ ನಕ್ಷೆ ಬದಲಾದರೆ ಮತ್ತೆ ಪರಿಶೀಲಿಸಲೇಬೇಕು ಎಂಬ ಎರಡು ಸಂಗತಿಗಳು ಸಣ್ಣ ಮನೆಗೂ ಅನ್ವಯಿಸುತ್ತವೆ. ತಿದ್ದುಪಡಿಯಾದ ಪ್ರತಿ ಹಾಳೆಗೂ ಅದರ ಮೂಲೆಯ ಪಟ್ಟಿಯಲ್ಲಿ ಪರಿಷ್ಕರಣೆಯ ಸಂಖ್ಯೆ ಮತ್ತು ದಿನಾಂಕ ಇರುತ್ತವೆ. ಹೊಸ ಹಾಳೆ ಬಂದ ದಿನವೇ ಹಳೆಯದನ್ನು ಕೆಲಸದ ಜಾಗದಿಂದ ತೆಗೆಯದಿದ್ದರೆ, ಮೇಸ್ತ್ರಿಯ ಚೀಲದಲ್ಲಿ ಉಳಿದ ಹಳೆಯ ನಕ್ಷೆಯಂತೆ ಕಾಲಂ ಎದ್ದು ನಿಲ್ಲುವುದು ಅಪರೂಪವಲ್ಲ. ಫೋನಿನ ಪರದೆಯ ಮೇಲಿನ ಚಿತ್ರವನ್ನೋ ಕುಗ್ಗಿದ ಜೆರಾಕ್ಸ್ ಪ್ರತಿಯನ್ನೋ ಸ್ಕೇಲಿನಿಂದ ಅಳೆದು ಕಟ್ಟಬಾರದು, ಬರೆದ ಅಂಕಿಯೇ ಪ್ರಮಾಣ ಎಂಬ ನಿಯಮವನ್ನೂ ಅಲ್ಲಿಯೇ ಹೇಳಿಬಿಡಬೇಕು.

ಮನೆ ಕಟ್ಟಿಸುವವರು ಪಾಯ ತೋಡಿಸುವ ಮುನ್ನ ಒಂದು ದಿನವನ್ನು ಇದಕ್ಕಾಗಿ ಮೀಸಲಿಟ್ಟು, ಆರ್ಕಿಟೆಕ್ಟ್, ಎಂಜಿನಿಯರ್, ಮೇಸ್ತ್ರಿ, ಕಂಬಿ ಕಟ್ಟುವವರು, ಪ್ಲಂಬರ್ ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಎಲ್ಲ ಹಾಳೆಗಳನ್ನೂ ಹರಡಿಸಬೇಕು. ಬಾಲ್ಕನಿಯ ಕಂಬಿ ಮೇಲೋ ಕೆಳಗೋ ಎಂದು ಕೇಳಿ, ಅದನ್ನು ಕಟ್ಟುವವನ ಬಾಯಿಂದಲೇ ಉತ್ತರ ಪಡೆಯಬೇಕು.