ಗೆರೆ ಎಳೆದ ಪ್ಲಾಸ್ಟಿಕ್ ಹಾಳೆ

ಹೆರಿಗೆಯಾದ ಮೇಲೆ ಕೇಸ್ ಶೀಟಿನಲ್ಲಿ ತುಂಬಬೇಕಾದ ಒಂದು ಖಾಲಿ ಜಾಗವಿರುತ್ತದೆ: ರಕ್ತ ಎಷ್ಟು ಹೋಯಿತು? ದಶಕಗಳ ಕಾಲ ಆ ಜಾಗವನ್ನು ತುಂಬಿದ್ದು ಕಣ್ಣಂದಾಜು. ನೆಲದ ಮೇಲೆ ಹರಡಿದ್ದು, ಬಟ್ಟೆಯಲ್ಲಿ ಇಂಗಿದ್ದು, ಬಕೆಟ್ಟಿನಲ್ಲಿ ನೀರಿನ ಜೊತೆ ಬೆರೆತದ್ದು, ಇಷ್ಟನ್ನೂ ಒಮ್ಮೆ ನೋಡಿ ನರ್ಸೋ ಡಾಕ್ಟರೋ ಒಂದು ಸಂಖ್ಯೆ ಬರೆಯುತ್ತಿದ್ದರು. ಬರೆದವರನ್ನು ದೂರುವಂತಿಲ್ಲ. ಹರಡಿಹೋದ ದ್ರವವನ್ನು ಅಳೆಯುವ ಶಕ್ತಿ ಮನುಷ್ಯನ ಕಣ್ಣಿಗಿಲ್ಲ. ಆದರೆ ತಾಯಿಯೊಬ್ಬಳು ಬದುಕುವುದೂ ಸಾಯುವುದೂ ಎಷ್ಟೋ ಸಲ ಆ ಸಂಖ್ಯೆಯ ಮೇಲೆಯೇ ನಿಂತಿರುತ್ತಿತ್ತು.

ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟೋ ಅದಕ್ಕೂ ಹೆಚ್ಚೋ ರಕ್ತ ಹರಿಯುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಮೇಲೆ, ಮಾಸು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಅವನ್ನು ಮುಚ್ಚಬೇಕಾದದ್ದು ಗರ್ಭಕೋಶದ ಸ್ನಾಯುಗಳೇ. ಅಡ್ಡಡ್ಡವಾಗಿ ಹೆಣೆದುಕೊಂಡ ಅವುಗಳ ಎಳೆಗಳು ಬಿಗಿದುಕೊಂಡು ನಾಳಗಳನ್ನು ಅಮುಕಿ ಹಿಡಿಯುತ್ತವೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಗಟ್ಟಿಯಾಗಿ ಸಿಕ್ಕಿತೆಂದರೆ ಸೂಲಗಿತ್ತಿಗೂ ಡಾಕ್ಟರಿಗೂ ಸಮಾಧಾನ. ಮೆತ್ತಗೇ ಉಳಿಯಿತೋ, ರಕ್ತ ನಿಲ್ಲುವುದಿಲ್ಲ. ಚೆನ್ನಾಗಿಯೇ ಇದ್ದ ಹೆಂಗಸು ಎರಡು ಗಂಟೆಯೊಳಗೆ ತೀರಿಹೋಗಬಹುದು. ಹೆರಿಗೆಯ ಬಳಿಕ 500 ಎಂಎಲ್ ಮೀರಿ ರಕ್ತ ಹೋದರೆ ಅದನ್ನು ಪ್ರಸವಾನಂತರದ ಅತಿ ರಕ್ತಸ್ರಾವ ಎಂದು ಕರೆಯುತ್ತ ಬಂದಿದ್ದಾರೆ. ರಕ್ತಹೀನತೆಯಿಂದ ಬಳಲುವ ಬಸುರಿಗೆ ಅಷ್ಟು ಕಳೆದುಕೊಳ್ಳುವ ತ್ರಾಣವೂ ಇರುವುದಿಲ್ಲ. ನಮ್ಮ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನರು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ.

ಈ ಕತೆ ಬೆಳಗಾವಿಯದು. 2000ದ ದಶಕದ ಆರಂಭದಲ್ಲಿ ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಕೈಜೋಡಿಸಿದರು. ಈ ಕಡೆಯಿಂದ ಬಿ.ಎಸ್. ಕೊಡಕಣಿ, ಶಿವಪ್ರಸಾದ ಗೌಡರ ಮತ್ತವರ ಸಹೋದ್ಯೋಗಿಗಳು. ಆ ಕಡೆಯಿಂದ ರಿಚರ್ಡ್ ಡರ್ಮನ್, ಸ್ಟೇಸಿ ಗೆಲ್ಲರ್, ಆಶ್ಲೇಷಾ ಪಟೇಲ್ ಮೊದಲಾದವರು. ಅವರ ತಲೆಯಲ್ಲಿದ್ದದ್ದು ಪ್ಲಾಸ್ಟಿಕ್ ಹಾಳೆಯಲ್ಲ, ಒಂದು ಮಾತ್ರೆ. ಗರ್ಭಕೋಶವನ್ನು ಬಿಗಿಗೊಳಿಸಲು ಆಸ್ಪತ್ರೆಗಳಲ್ಲಿ ಕೊಡುತ್ತಿದ್ದದ್ದು ಆಕ್ಸಿಟೋಸಿನ್ ಚುಚ್ಚುಮದ್ದು. ಅದನ್ನು ತಣ್ಣಗೆ ಇಡಬೇಕು, ಸಿರಿಂಜು ಬೇಕು, ಚುಚ್ಚಲು ಬಲ್ಲವರು ಬೇಕು. ಹಳ್ಳಿಯ ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸುವ ಎಎನ್‌ಎಂ ಸಿಸ್ಟರ ಕೈಯಲ್ಲಿ ಇದ್ಯಾವುದೂ ಇರಲಿಲ್ಲ. ಹೊಟ್ಟೆಯ ಹುಣ್ಣಿಗೆಂದು ಬಂದಿದ್ದ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಗರ್ಭಕೋಶವನ್ನು ಸಂಕುಚಿಸುವ ಗುಣವಿತ್ತು. ಫ್ರಿಜ್ಜಿನ ಹಂಗಿಲ್ಲ, ನೀರು ಕುಡಿದು ನುಂಗಿದರಾಯಿತು. ಅದನ್ನು ಹಳ್ಳಿಯಲ್ಲಿ ಕೊಟ್ಟರೆ ರಕ್ತಸ್ರಾವ ಕಡಿಮೆಯಾಗುತ್ತದೆಯೇ ಎಂಬುದು ಅವರ ಪ್ರಶ್ನೆ.

ಪ್ರಶ್ನೆಯ ಹೊಟ್ಟೆಯಲ್ಲೇ ಇನ್ನೊಂದು ಪ್ರಶ್ನೆ ಇತ್ತು. ಕಡಿಮೆಯಾಯಿತೆಂದು ತಿಳಿಯುವುದು ಹೇಗೆ? ದೊಡ್ಡ ಆಸ್ಪತ್ರೆಯಲ್ಲಾದರೆ ನೆನೆದ ಬಟ್ಟೆಗಳನ್ನು ತೂಗಬಹುದು, ಪ್ರಯೋಗಾಲಯದಲ್ಲಿ ರಕ್ತದ ಬಣ್ಣದಿಂದ ಪ್ರಮಾಣ ಲೆಕ್ಕ ಹಾಕಬಹುದು. ಮಂದ ಬೆಳಕಿನ ಕೋಣೆಯಲ್ಲಿ ನೆಲದ ಮೇಲೆಯೇ ಹೆರಿಗೆ ನಡೆಯುವಾಗ ಅದೊಂದೂ ಆಗದು. ಗರ್ಭಜಲ ಬೇರೆ ರಕ್ತದೊಡನೆ ಸೇರಿಕೊಳ್ಳುತ್ತದೆ. ಒಬ್ಬಳೇ ಸಿಸ್ಟರ್ ಮಗುವನ್ನೂ ನೋಡಬೇಕು, ತಾಯಿಯನ್ನೂ ನೋಡಬೇಕು. ಅವಳ ಚೀಲದಲ್ಲಿ ಹಿಡಿಸುವ, ಅಗ್ಗದ, ಕಲಿಯಲು ಹೆಚ್ಚು ಹೊತ್ತು ಬೇಡದ ಒಂದು ಅಳತೆ ಬೇಕಿತ್ತು.

ಅವರು ರೂಪಿಸಿದ್ದು ಇಷ್ಟೇ: ಒಂದು ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದ ಕೂಡಲೇ ಅದನ್ನು ತಾಯಿಯ ಕೆಳಗೆ ಸರಿಸಿ, ಮೇಲ್ತುದಿಯ ಪಟ್ಟಿಗಳನ್ನು ಸೊಂಟಕ್ಕೆ ಕಟ್ಟಬೇಕು. ಕೆಳತುದಿಯಲ್ಲಿ ಅದು ಆಲಿಕೆಯಂತೆ ಕಿರಿದಾಗಿ ಒಂದು ಚೀಲವಾಗುತ್ತದೆ. ಚೀಲದ ಮೇಲೆ ಎಂಎಲ್ ಲೆಕ್ಕದಲ್ಲಿ ಗೆರೆಗಳು. ಗರ್ಭಜಲ ಹರಿದುಹೋದ ಮೇಲೆಯೇ ಹಾಸುವುದರಿಂದ ಚೀಲದಲ್ಲಿ ತುಂಬುವುದು ಬಹುಪಾಲು ರಕ್ತವೇ. ಬಗ್ಗಿ ಗೆರೆ ನೋಡಿದರೆ ಮುಗಿಯಿತು. ಅದನ್ನು ರೂಪಿಸಿದ ಏಳು ಜನರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಬ್ರಾಸ್-ವಿ’ ಎಂದು ಕರೆದರು.

ಅಳತೆಗೋಲನ್ನೇ ಮೊದಲು ಪರೀಕ್ಷಿಸಬೇಕಲ್ಲ. 123 ಹೆರಿಗೆಗಳನ್ನು ತೆಗೆದುಕೊಂಡು, ಕೆಲವರಲ್ಲಿ ವಾಡಿಕೆಯ ಕಣ್ಣಂದಾಜು, ಉಳಿದವರಲ್ಲಿ ಈ ಚೀಲ ಎಂದು ಚೀಟಿ ಎತ್ತಿದ ಹಾಗೆ ಹಂಚಿದರು. ಕಣ್ಣಂದಾಜಿನ ಸರಾಸರಿ ಸುಮಾರು 203 ಎಂಎಲ್, ಚೀಲದ ಸರಾಸರಿ ಸುಮಾರು 303. ಕಣ್ಣು ಮೂರರಲ್ಲಿ ಒಂದು ಪಾಲು ರಕ್ತವನ್ನು ಕಾಣದೇ ಬಿಟ್ಟಿತ್ತು. 2006ರಲ್ಲಿ ಪ್ರಕಟವಾದ ಈ ಸಣ್ಣ ಅಧ್ಯಯನ ಮಾತ್ರೆಯ ಸುದ್ದಿಯ ಎದುರು ಮಂಕಾಗಿಹೋಯಿತು. ನನ್ನ ಮಟ್ಟಿಗೆ ಇಡೀ ಕತೆಯ ಬೀಜ ಇರುವುದು ಇಲ್ಲಿಯೇ. ಜಗತ್ತಿನ ಹೆರಿಗೆ ಕೋಣೆಗಳ ದಾಖಲೆಗಳಲ್ಲಿ ಎಷ್ಟು ರಕ್ತ ಲೆಕ್ಕಕ್ಕೇ ಬಂದಿಲ್ಲ ಎಂಬುದನ್ನು ಆ ನೂರು ಎಂಎಲ್ ವ್ಯತ್ಯಾಸ ತೋರಿಸಿಕೊಟ್ಟಿತು.

ಮಾತ್ರೆಯ ಪ್ರಯೋಗ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ನಡೆಯಿತು. 1620 ತಾಯಂದಿರು, 25 ಮಂದಿ ಎಎನ್‌ಎಂಗಳು. ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್, ಉಳಿದವರಿಗೆ ಅದೇ ರೂಪದ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿಲ್ಲ. ಎಲ್ಲರ ಕೆಳಗೂ ಗೆರೆಯ ಚೀಲ. ಅತಿ ರಕ್ತಸ್ರಾವ 12 ಪ್ರತಿಶತದಿಂದ 6.4ಕ್ಕೆ ಇಳಿಯಿತು, ಒಂದು ಲೀಟರ್ ಮೀರಿದ ತೀವ್ರ ಸ್ರಾವ 1.2ರಿಂದ 0.2ಕ್ಕೆ. 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳಿಗೆ ಅತಿ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ ಸಿಕ್ಕಿತು. ಚಳಿನಡುಕ, ಜ್ವರ ಕೆಲವರಿಗೆ ಬಂದು ಹೋದವು. ಔಷಧವಿಲ್ಲದ ಮಾತ್ರೆ ಕೊಟ್ಟದ್ದು ಸರಿಯೇ ಎಂಬ ಚರ್ಚೆಯೂ ನಡೆಯಿತು, ನಡೆಯಬೇಕಾದದ್ದೇ. ಆಕ್ಸಿಟೋಸಿನ್ ಸಿಗುವ ಆಸ್ಪತ್ರೆಯಲ್ಲಿ ಅದೇ ಮೇಲು ಎಂದು 2001ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಅಧ್ಯಯನ ಹೇಳಿಯಾಗಿತ್ತು. ಬೆಳಗಾವಿಯ ಉತ್ತರ ಅದು ಸಿಗದ ಜಾಗಗಳಿಗೆ. 2011ರಲ್ಲಿ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ತನ್ನ ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಮಾತ್ರೆಗೆ ಹೀಗೆ ನೆಲೆ ಸಿಕ್ಕಿತು. ಚೀಲ ಸಂಶೋಧಕರ ಉಪಕರಣವಾಗಿಯೇ ಉಳಿಯಿತು. ಅಳೆದರೆ ಸಾಕೇ, ಅಳೆದುದರಿಂದ ತಾಯಿಗೆ ಏನು ಲಾಭ? ಅದಕ್ಕೆ ಉತ್ತರ ಹುಡುಕಿದ್ದು ಯುರೋಪ್. ಅಲ್ಲಿನ 13 ದೇಶಗಳ ಹೆರಿಗೆ ಘಟಕಗಳಲ್ಲಿ 25 ಸಾವಿರಕ್ಕೂ ಹೆಚ್ಚು ಸಹಜ ಹೆರಿಗೆಗಳ ಮೇಲೆ ರಕ್ತ ಹಿಡಿಯುವ ಚೀಲವನ್ನು ಪರೀಕ್ಷಿಸಿದರು. 2010ರಲ್ಲಿ ಬಂದ ಫಲಿತಾಂಶ ನಿರಾಸೆಯದು: ಚೀಲ ಬಳಸಿದಲ್ಲಿಯೂ ಬಳಸದಲ್ಲಿಯೂ ತೀವ್ರ ರಕ್ತಸ್ರಾವದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಇಂಥ ಫಲಿತಾಂಶ ಬಂದಾಗ ಒಂದು ಉಪಾಯವನ್ನು ಮೂಲೆಗೆ ಹಾಕುವುದು ಸುಲಭ. ಈ ಸೋಲನ್ನು ಎಚ್ಚರದಿಂದ ಓದಿದವರಿಗೆ ಬೇರೆಯೇ ಪಾಠ ಸಿಕ್ಕಿತು. ಚೀಲ ಸುಳ್ಳು ಹೇಳಿರಲಿಲ್ಲ. ಆದರೆ ಗೆರೆ ಮುಟ್ಟಿದ ಮೇಲೆ ಏನು ಮಾಡಬೇಕು, ಎಷ್ಟು ನಿಮಿಷದೊಳಗೆ ಮಾಡಬೇಕು ಎಂಬುದು ಅದರ ಜೊತೆ ಕಟ್ಟಿಕೊಂಡು ಬಂದಿರಲಿಲ್ಲ. ಹಳೆಯ ರೂಢಿಯಲ್ಲಿ ಚಿಕಿತ್ಸೆ ಒಂದಾದ ಮೇಲೊಂದು: ಒಂದು ಔಷಧ ಕೊಟ್ಟು ಕಾಯುವುದು, ನಿಲ್ಲದಿದ್ದರೆ ಇನ್ನೊಂದು, ಮತ್ತೆ ಕಾಯುವುದು. ರಕ್ತ ಹೋಗುತ್ತಿರುವಾಗ ಕಾಯುವುದೇ ಅಪಾಯ.

ಅಷ್ಟರಲ್ಲಿ ಇನ್ನೊಂದು ಹಳೆಯ ಔಷಧ ಮರಳಿ ಬಂದಿತ್ತು. ಜಪಾನಿನ ಉತಾಕೊ ಒಕಮೊಟೊ ತಮ್ಮ ಪತಿ ಶೊಸುಕೆಯವರ ಜೊತೆ ಹೆರಿಗೆಯ ರಕ್ತಸ್ರಾವಕ್ಕೆ ಮದ್ದು ಹುಡುಕುತ್ತ 1962ರಲ್ಲಿ ಟ್ರಾನೆಕ್ಸಾಮಿಕ್ ಆ್ಯಸಿಡ್ ಬಗ್ಗೆ ಪ್ರಕಟಿಸಿದ್ದರು. ಅದು ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ತಡೆಯುತ್ತದೆ. ಹೆರಿಗೆಯಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ಅರ್ಧ ಶತಮಾನ ಬೇಕಾಯಿತು. 21 ದೇಶಗಳ 20,060 ತಾಯಂದಿರ ಮೇಲಿನ ‘ವುಮನ್’ ಪ್ರಯೋಗ 2017ರಲ್ಲಿ ಪ್ರಕಟವಾದಾಗ, ಹೆರಿಗೆಯಾಗಿ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು 31 ಪ್ರತಿಶತ ಕಡಿಮೆಯಾಗುತ್ತದೆ ಎಂದು ಗೊತ್ತಾಯಿತು. ಉತಾಕೊ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅವರಿಗೆ ಈ ಸುದ್ದಿ ತಲುಪಬೇಕಿತ್ತು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಅರಿ ಕುಮಾರಸ್ವಾಮಿ, ಇಯೊನಿಸ್ ಗ್ಯಾಲೋಸ್ ಮತ್ತು ಆಫ್ರಿಕಾದ ಸಂಶೋಧಕರು ಇವೆಲ್ಲವನ್ನೂ ಒಟ್ಟಿಗೆ ತಂದರು. ‘ಇ-ಮೋಟಿವ್’ ಎಂಬ ಅವರ ಕ್ರಮದಲ್ಲಿ ಹೆರಿಗೆಯಾದ ಪ್ರತಿ ತಾಯಿಯ ಕೆಳಗೆ ಗೆರೆಯ ಚೀಲ, ಮೊದಲ ಒಂದು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ತಪಾಸಣೆ. ರಕ್ತ 500ರ ಗೆರೆ ಮುಟ್ಟಿದರೆ, ಅಥವಾ ಅದಕ್ಕಿಂತ ಕೆಳಗಿದ್ದರೂ 300 ದಾಟಿ ನಾಡಿ, ರಕ್ತದೊತ್ತಡ ಮೊದಲಾದವುಗಳಲ್ಲಿ ಏರುಪೇರು ಕಂಡರೆ, ಎಲ್ಲ ಚಿಕಿತ್ಸೆಯೂ ಒಟ್ಟಿಗೇ: ಗರ್ಭಕೋಶವನ್ನು ತಿಕ್ಕಿ ಬಿಗಿಗೊಳಿಸುವುದು, ಅದನ್ನು ಸಂಕುಚಿಸುವ ಔಷಧ, ಟ್ರಾನೆಕ್ಸಾಮಿಕ್ ಆ್ಯಸಿಡ್, ಡ್ರಿಪ್, ಎಲ್ಲಿಂದ ಸ್ರಾವ ಎಂದು ಪರೀಕ್ಷೆ, ನಿಲ್ಲದಿದ್ದರೆ ಹಿರಿಯ ವೈದ್ಯರಿಗೆ ಕರೆ. ಯಾರನ್ನೂ ಕೇಳಲು ಕಾಯದೆ ಸೂಲಗಿತ್ತಿ ನರ್ಸೇ ಇದನ್ನು ಶುರು ಮಾಡಬೇಕು.

ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳು, 2,10,132 ಹೆರಿಗೆಗಳು. ಈ ಪ್ರಯೋಗದ ಒಂದು ವಿವರ ನನ್ನನ್ನು ಬಹಳ ಹಿಡಿದಿಟ್ಟಿತು. ಹೋಲಿಕೆಗೆ ಆರಿಸಿದ ಆಸ್ಪತ್ರೆಗಳಲ್ಲಿಯೂ ತಾಯಂದಿರ ಕೆಳಗೆ ಚೀಲ ಹಾಸಿದ್ದರು, ಆದರೆ ಅದರ ಮೇಲೆ ಗೆರೆಗಳಿರಲಿಲ್ಲ. ಅಲ್ಲಿ ರಕ್ತವನ್ನು ಅಧ್ಯಯನಕ್ಕಾಗಿ ತೂಗುತ್ತಿದ್ದರು, ಚಿಕಿತ್ಸೆಯ ನಿರ್ಧಾರ ಎಂದಿನ ಕಣ್ಣಂದಾಜಿನದು. ಅತಿ ರಕ್ತಸ್ರಾವವಾದ ತಾಯಂದಿರಲ್ಲಿ ಗೆರೆಯಿಲ್ಲದಲ್ಲಿ ಅದು ಪತ್ತೆಯಾದದ್ದು 51 ಪ್ರತಿಶತ ಮಂದಿಯಲ್ಲಿ ಮಾತ್ರ, ಗೆರೆಯಿದ್ದಲ್ಲಿ 93. ಪೂರ್ಣ ಚಿಕಿತ್ಸೆ ಸಿಕ್ಕಿದ್ದು ಅಲ್ಲಿ 19 ಪ್ರತಿಶತಕ್ಕೆ, ಇಲ್ಲಿ 91ಕ್ಕೆ. ತೀವ್ರ ಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ, ಅದರಿಂದ ಸಾವು, ಈ ಮೂರನ್ನೂ ಸೇರಿಸಿದ ಲೆಕ್ಕ 4.3ರಿಂದ 1.6 ಪ್ರತಿಶತಕ್ಕೆ ಇಳಿದಿತ್ತು, ಅಂದರೆ ಸುಮಾರು 60 ಪ್ರತಿಶತ ಇಳಿಕೆ. ಸಾವನ್ನಷ್ಟೇ ಬೇರೆಯಾಗಿ ತೆಗೆದರೆ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಆ ಸಂಖ್ಯೆಗಳಲ್ಲಿ ಇರಲಿಲ್ಲ ಎಂಬುದನ್ನೂ ಹೇಳಬೇಕು. 2023ರ ಮೇ ತಿಂಗಳಲ್ಲಿ ಇದು ಪ್ರಕಟವಾಯಿತು. ಈ ಔಷಧಗಳಲ್ಲಿ ಒಂದೂ ಹೊಸದಲ್ಲ. ಹೊಸದಾಗಿದ್ದದ್ದು ಕಂಡದ್ದನ್ನು ನಂಬುವ ಗೆರೆ, ಮತ್ತು ಗೆರೆ ಮುಟ್ಟಿದ ಕ್ಷಣ ಏಳುವ ಕೈಗಳು.

ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷದ ಕೊನೆಯಲ್ಲಿ ಗೆರೆಯ ಚೀಲ ಮತ್ತು ಒಟ್ಟು ಚಿಕಿತ್ಸೆಯನ್ನು ಶಿಫಾರಸು ಮಾಡಿತು. 2025ರ ಅಕ್ಟೋಬರಿನ ಮಾರ್ಗಸೂಚಿಯಲ್ಲಿ, ನಾಡಿ ಅಥವಾ ರಕ್ತದೊತ್ತಡ ಏರುಪೇರಾಗಿದ್ದರೆ 300 ಎಂಎಲ್‌ಗೇ ಚಿಕಿತ್ಸೆ ಆರಂಭಿಸಿ ಎಂದಿತು. 500 ಆಗಲಿ ಎಂದು ಕಾಯುವ ಕಾಲ ಮುಗಿಯಿತು. ಬೆಳಗಾವಿಯಲ್ಲಿ ಸರಾಸರಿಯಾಗಿ ಅಳೆದು ಸಿಕ್ಕ ಸಂಖ್ಯೆಯೂ ಆ ಮುನ್ನೂರರ ಸುತ್ತಲೇ ಇತ್ತು. ಅಂದರೆ ಈ ಗೆರೆಯ ಹತ್ತಿರ ಬರುವ ತಾಯಂದಿರು ಬಹಳ, ಅವರಲ್ಲಿ ಯಾರಿಗೆ ಅಪಾಯ ಎಂದು ಹೇಳಲು ಚೀಲದ ಜೊತೆ ನಾಡಿ ಹಿಡಿದು ನೋಡುವವರೂ ಬೇಕು.

ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಮರಣ 2001–03ರಲ್ಲಿ 228 ಇತ್ತು, 2018–20ರಲ್ಲಿ 69ಕ್ಕೆ ಇಳಿದಿದೆ. ಅದರ ಹಿಂದೆ ಆಸ್ಪತ್ರೆ ಹೆರಿಗೆ, ಆಂಬುಲೆನ್ಸ್, ಆಶಾ ಕಾರ್ಯಕರ್ತೆಯರ ಓಡಾಟ ಎಲ್ಲವೂ ಇವೆ. ಇದನ್ನು ಒಂದು ಚೀಲದ ಲೆಕ್ಕಕ್ಕೆ ಹಾಕಲಾಗದು. ಉಳಿದ ಸಾವುಗಳಲ್ಲಿ ತಡೆಯಬಹುದಾದವು ಇನ್ನೂ ಇವೆ, ಅದಕ್ಕೇ ಈ ಮಾತು. ನಮ್ಮದೇ ಜಿಲ್ಲೆಯ ಹಳ್ಳಿಗಳಲ್ಲಿ, ನಮ್ಮದೇ ಎಎನ್‌ಎಂಗಳ ಕೈಯಲ್ಲಿ ಪಳಗಿದ ಈ ಅಳತೆ ರಾಜ್ಯದ ಪ್ರತಿ ತಾಲ್ಲೂಕು ಆಸ್ಪತ್ರೆಯ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೋಣೆಯಲ್ಲಿ ಎಂದೂ ಖಾಲಿಯಾಗದಂತೆ ಇರಬೇಕು. ಖರೀದಿಯ ಪಟ್ಟಿ ಮಾಡುವವರು ಇದನ್ನು ಕೈಗವಸಿನಷ್ಟೇ ಅಗತ್ಯದ ವಸ್ತು ಎಂದು ಬರೆಯಬೇಕು. ನಿಮ್ಮ ಮನೆಯ ಹೆಣ್ಣುಮಗಳು ಹೆರಿಗೆಗೆ ಹೋದಾಗ ಮಗುವಿನ ತೂಕ ಕೇಳುವ ಜೊತೆಗೆ ಇದನ್ನೂ ಕೇಳಿ: ರಕ್ತ ಎಷ್ಟು ಹೋಗಿದೆ, ಅಳೆದು ನೋಡಿದಿರಾ? ಮೊದಲ ಒಂದೆರಡು ಗಂಟೆ ಅವಳ ಪಕ್ಕದಲ್ಲಿ ಯಾರಾದರೂ ಕೂತಿರಿ, ಬಟ್ಟೆ ಬೇಗಬೇಗ ನೆನೆಯುತ್ತಿದ್ದರೆ, ತಲೆ ತಿರುಗುತ್ತಿದೆ ಎಂದರೆ, ಸಂಕೋಚಪಡದೆ ಆಗಲೇ ಸಿಸ್ಟರನ್ನು ಕರೆಯಿರಿ.